ನೆಟ್ಟಿದ್ದು ನೆಟ್ಟಗಿದೆಯೇ?

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮೈದಾನದ ಗೇಟಿಗೆ ಹಾಕಿದ ಬೀಗ ಹಾಗೇ ಇದೆ. ಪಕ್ಕದಲ್ಲಿ ಕಂಬಿ ಬಗ್ಗಿ ಆಗಿರುವ ಸಂದಿಯಲ್ಲಿ ಮೊದಲು ಒಂದು ಉದ್ದನೆಯ ಚೀಲ ಒಳಗೆ ತೂರುತ್ತದೆ. ಅದರ ಹಿಂದೆಯೇ ಉಸಿರು ಬಿಗಿಹಿಡಿದು, ಹೊಟ್ಟೆ ಒಳಗೆಳೆದುಕೊಂಡು ಚೀಲದ ಯಜಮಾನರೂ ತೂರುತ್ತಾರೆ. ವಯಸ್ಸು ಐವತ್ತೆಂಟು. ವಾರವಿಡೀ ಮನೆಗಳಿಗೆ ಟೈಲ್ಸ್ ಹಾಕುವ ಕೆಲಸ, ವಾರದ ಕೊನೆಗೆ ಬಿಳಿ ಕೋಟು ತೊಟ್ಟು ಅಂಪೈರ್ ಕೆಲಸ. ಎರಡೂ ಕಡೆ ಜನ ಕರೆಯುವುದು ಒಂದೇ ಹೆಸರಿನಿಂದ: ಮೇಸ್ತ್ರಿ.

ಚೀಲದಲ್ಲಿ ಮೂರು ಸ್ಟಂಪು, ಒಂದು ಮರದ ಸುತ್ತಿಗೆ, ಒಂದು ತೂಗುಗುಂಡು. ಅಂಚಿನಲ್ಲಿರುವ ಮಣ್ಣಿನ ಪಿಚ್ಚಿನ ಆ ತುದಿಗೆ ಹೋಗಿ ಮೇಸ್ತ್ರಿ ಮೂರೂ ಸ್ಟಂಪು ನೆಡುತ್ತಾರೆ. ನಡುವಿನದಕ್ಕೆ ದಾರ ಹಿಡಿದು ಗುಂಡು ಇಳಿಬಿಡುತ್ತಾರೆ. ಗುಂಡಿನ ಓಲಾಟ ನಿಲ್ಲುವವರೆಗೆ ಕಾಯುತ್ತಾರೆ. ಸ್ಟಂಪಿನಲ್ಲಿ ಕೂದಲೆಳೆಯಷ್ಟೂ ಸೊಟ್ಟ ಇರಬಾರದು. ಸೊಟ್ಟ ಕಂಡರೆ ಅದು ಮರದ್ದಲ್ಲ, ಕಣ್ಣಿನದು ಎಂದು ಖಾತ್ರಿಯಾಗಬೇಕು.

ಆಮೇಲೆ ಈ ತುದಿಗೆ ನಡೆದು ಬಂದು, ಅಂಪೈರ್ ನಿಲ್ಲುವ ಜಾಗದಲ್ಲಿ ನಿಂತು, ಮೊದಲು ಬಲಗಣ್ಣಿನಿಂದ ನೋಡುತ್ತಾರೆ. ಅದರಲ್ಲಿ ಏನು ಕಾಣುತ್ತದೆಂಬುದು ಗೊತ್ತಿರುವ ಸಂಗತಿ. ಅಕ್ಕಪಕ್ಕದ ಎರಡು ಸ್ಟಂಪು ಹೇಗೋ ನಿಂತಿರುತ್ತವೆ, ನಡುವಿನದು ಮಾತ್ರ ಸೊಂಟ ಮುರಿದವರ ಹಾಗೆ ಬಳುಕಿರುತ್ತದೆ. ಅದು ಪರಿಚಯದ ಹಾವು, ಈಗ ಅಷ್ಟಾಗಿ ಬೆಚ್ಚಿಬೀಳಿಸುವುದಿಲ್ಲ. ಹೆದರಿಕೆಯಿರುವುದು ಎಡಗಣ್ಣಿನ ಸರದಿಗೆ. ಅದಕ್ಕೆ ಮೊದಲು ಮೇಸ್ತ್ರಿಗೆ ನೂರೆಂಟು ಕೆಲಸ ನೆನಪಾಗುತ್ತವೆ. ಬಿಚ್ಚದೇ ಇರುವ ಶೂ ಲೇಸನ್ನು ಕಟ್ಟುತ್ತಾರೆ. ಕ್ಯಾಪು ತೆಗೆದು ಕೊಡವುತ್ತಾರೆ. ಬೇಲಿಯಾಚೆ ನಾಯಿಯೊಂದು ಹೋಗುತ್ತಿದ್ದರೆ ಅದು ಕಣ್ಮರೆಯಾಗುವವರೆಗೆ ನೋಡುತ್ತಾರೆ. ಕೊನೆಗೆ ಬಲಗಣ್ಣು ಮುಚ್ಚುತ್ತಾರೆ.

ನೆಟ್ಟಿದ್ದು ನೆಟ್ಟಗಿದೆ.

ಇವತ್ತಿಗೆ ಅಷ್ಟು ಸಾಕಾಗುವುದಿಲ್ಲ. ಇವತ್ತು ಶನಿವಾರ. ಐದು ತಿಂಗಳ ನಂತರ ಮೇಸ್ತ್ರಿ ಮತ್ತೆ ಪಂದ್ಯಕ್ಕೆ ನಿಲ್ಲಬೇಕು. ಅದೂ ಇದೇ ಮೈದಾನದ ನಡುವಿನ ಸಿಮೆಂಟ್ ಪಿಚ್ಚಿನಲ್ಲಿ. ಈ ಪಂದ್ಯದಲ್ಲಿ ತಪ್ಪಿದರೆ ಕೋಟು ಶಾಶ್ವತವಾಗಿ ಗೂಟಕ್ಕೆ.

*

ಕ್ರಿಕೆಟ್ ನೋಡುವವರು ಗಮನಿಸದ ಒಂದು ಗಳಿಗೆಯಿದೆ. ಹೊಸ ಬ್ಯಾಟರ್ ಬಂದು ಕ್ರೀಸಿನಲ್ಲಿ ಬ್ಯಾಟನ್ನು ನೆಟ್ಟಗೆ ನಿಲ್ಲಿಸಿ, ಆ ತುದಿಯಲ್ಲಿರುವ ಅಂಪೈರನ್ನು ‘ಮಿಡಲ್’ ಎಂದು ಕೇಳುತ್ತಾರೆ. ಅಂಪೈರ್ ಕೈ ಸನ್ನೆಯಲ್ಲಿ ಕೊಂಚ ಅತ್ತ, ಕೊಂಚ ಇತ್ತ ಎಂದು ಸರಿಸಿ, ಬ್ಯಾಟು ನಡು ಸ್ಟಂಪಿಗೆ ಸರಿಯಾಗಿ ಅಡ್ಡ ಬಂದಾಗ ‘ಅದೇ ಮಿಡಲ್’ ಎನ್ನುತ್ತಾರೆ. ಬ್ಯಾಟರ್ ಅಲ್ಲೊಂದು ಗುರುತು ಹಾಕಿಕೊಳ್ಳುತ್ತಾರೆ. ಇದಕ್ಕೆ ಗಾರ್ಡ್ ತೆಗೆದುಕೊಳ್ಳುವುದು ಎಂದು ಹೆಸರು. ಬೆನ್ನ ಹಿಂದಿರುವ ಸ್ಟಂಪು ಬ್ಯಾಟರ್‌ಗೆ ಕಾಣುವುದಿಲ್ಲ. ಯಾವ ಚೆಂಡನ್ನು ಆಡಬೇಕು, ಯಾವುದನ್ನು ಬಿಡಬೇಕು, ಯಾವುದಕ್ಕೆ ತಲೆ ತಗ್ಗಿಸಬೇಕು ಎಂಬ ಲೆಕ್ಕವೆಲ್ಲ ಆ ಒಂದು ಗುರುತಿನಿಂದ ಶುರುವಾಗುತ್ತದೆ.

ಮೇಸ್ತ್ರಿಗೆ ಅಂಪೈರಿಂಗಿನಲ್ಲಿ ಎಲ್ಲಕ್ಕಿಂತ ಇಷ್ಟವಾದದ್ದೇ ಇದು. “ಔಟ್ ಕೊಟ್ರೆ ಬೈತಾರೆ, ಕೊಡದಿದ್ರೆ ಆ ಕಡೆಯವ್ರು ಬೈತಾರೆ. ಮಿಡಲ್ ಕೊಟ್ಟಾಗ ಮಾತ್ರ ಯಾರೂ ಎದುರು ಮಾತಾಡಲ್ಲ. ಸುಮ್ನೆ ನಂಬ್ತಾರೆ. ಹೆಂಡ್ತಿ ಕೂಡ ನನ್ನ ಅಷ್ಟು ನಂಬಿಲ್ಲ,” ಎನ್ನುತ್ತಾರೆ. ಮನೆಯಾಕೆಯ ಉತ್ತರ ಅಡುಗೆಮನೆಯಿಂದಲೇ ಬರುತ್ತದೆ: ಬ್ಯಾಟು ಹಿಡಿದುಕೊಂಡು ಕೇಳಿದರೆ ತನಗೂ ಸರಿಯಾದ ಉತ್ತರ ಸಿಗುತ್ತಿತ್ತೋ ಏನೋ.

ಮೇಸ್ತ್ರಿಯ ಪ್ರಕಾರ ಒಂದೊಂದು ಪಿಚ್ಚಿಗೂ ಒಂದೊಂದು ಸ್ವಭಾವ. ಹುಲ್ಲಿನ ಪಿಚ್ಚಿಗೆ ನೆನಪಿನ ಶಕ್ತಿ ಜಾಸ್ತಿ. ಮೊಳೆಯ ಶೂನಿಂದ ಒಮ್ಮೆ ಗೀರಿದರೆ ಆ ಗುರುತು ದಿನವಿಡೀ ಇರುತ್ತದೆ, ಬ್ಯಾಟರ್ ಮತ್ತೆ ಕೇಳುವುದಿಲ್ಲ. ಬರಿ ಮಣ್ಣಿನದಾದರೆ ಸ್ಟಂಪಿನ ತಲೆಯ ಮೇಲಿಡುವ ಬೇಲ್ಸಿನ ಮೂತಿ ಒತ್ತಿ ಕುಳಿ ಮಾಡಿಕೊಳ್ಳುತ್ತಾರೆ. ನಾರಿನ ಮ್ಯಾಟ್ ಹಾಸಿದ್ದರೆ ಗೀರುವ ಹಾಗಿಲ್ಲ. ಗೀರಿದರೆ ಎಳೆ ಕಿತ್ತುಬಂದು ಕಾಲು ಸಿಕ್ಕಿಕೊಳ್ಳುತ್ತದೆ. ಅದಕ್ಕೆ ಸೀಮೆಸುಣ್ಣವೇ ಗತಿ, ಅದು ನಾರಿನ ಸಂದಿಯಲ್ಲಿ ಕೂತು ಕೆಲವು ಓವರ್ ಬಾಳುತ್ತದೆ. ಸಿಮೆಂಟಿಗೆ ಮಾತ್ರ ಏನೂ ಅಂಟುವುದಿಲ್ಲ. ಎಳೆದ ಗೆರೆಯನ್ನು ಬ್ಯಾಟರ್‌ನ ಶೂ ತಾನೇ ಒರೆಸಿಹಾಕುತ್ತದೆ. ಎರಡು ಮೂರು ಓವರಿಗೊಮ್ಮೆ ಬ್ಯಾಟು ನಿಲ್ಲಿಸಿ ‘ಮಿಡಲ್’ ಎಂದು ಮತ್ತೆ ಕೇಳಬೇಕು, ಅಂಪೈರ್ ಮತ್ತೆ ಹೇಳಬೇಕು. ಆಟವಾಡುವವರು ಅದನ್ನು ರಗಳೆ ಎನ್ನುತ್ತಾರೆ. ಮೇಸ್ತ್ರಿಗೆ ತನ್ನ ಕಣ್ಣಿನ ಸಮಾಚಾರ ಗೊತ್ತಾದದ್ದು ಆ ರಗಳೆಯಿಂದಲೇ.

ಸುಳಿವು ಅದಕ್ಕೂ ಮೊದಲೇ ಸಿಕ್ಕಿತ್ತು. ಅವರು ಅದನ್ನು ಅರ್ಥ ಮಾಡಿಕೊಂಡದ್ದು ತಪ್ಪಾಗಿ. ಟೈಲ್ಸ್ ಕೆಲಸದಲ್ಲಿ ಅವರ ಜೊತೆಗಾರ ಹೆಂಡತಿಯ ತಮ್ಮ. ಒಂದು ಬಚ್ಚಲುಮನೆಯಲ್ಲಿ ಅವನು ಹಾಕಿದ ಟೈಲ್ಸಿನ ಸಾಲು ಮಧ್ಯದಲ್ಲಿ ಉಬ್ಬಿದೆಯೆಂದು ಮೇಸ್ತ್ರಿ ರೇಗಿ ಕೀಳಿಸಿದರು. ಮತ್ತೆ ಹಾಕಿದ, ಮತ್ತೆ ಉಬ್ಬಿತ್ತು. ಬಾಮೈದ ಉದ್ದಕ್ಕೂ ನೂಲು ಎಳೆದು ಕಟ್ಟಿ ತೋರಿಸಿದ. ಮೇಸ್ತ್ರಿ ಒಂದು ಕಣ್ಣು ಮುಚ್ಚಿ ನೋಡಿ, ನೂಲನ್ನೇ ಸಡಿಲ ಬಿಟ್ಟಿದ್ದೀಯ ಎಂದರು.

“ಕುಣಿಯೋಕಾಗ್ದವಳು ನೆಲ ಡೊಂಕು ಅಂದ್ಲಂತೆ. ನೀವು ಎಳೆದು ಕಟ್ಟಿದ ನೂಲಿಗೂ ಡೊಂಕು ಅಂತೀರಲ್ಲ ಭಾವ,” ಎಂದು ಅವನು ನಕ್ಕ. ಮೇಸ್ತ್ರಿಯೂ ನಕ್ಕರು. ಹಗ್ಗ ಹಾವಾಗಿ ಕಂಡರೆ ದೀಪ ತಂದು ನೋಡಬಹುದು. ಹಗಲು ಬೆಳಕಿನಲ್ಲೇ ನೂಲು ಹಾವಿನ ಹಾಗೆ ಹರಿದರೆ ಏನು ಮಾಡಬೇಕೆಂದು ಅವರಿಗೆ ಹೊಳೆಯಲಿಲ್ಲ. ನಿದ್ದೆ ಕಮ್ಮಿಯಾಗಿದೆ ಅಂದುಕೊಂಡರು.

*

ಅದಾದ ಎರಡು ವಾರಕ್ಕೆ ಹೆಣ್ಣುಮಕ್ಕಳ ಲೀಗಿನ ಪಂದ್ಯ, ಇದೇ ಸಿಮೆಂಟ್ ಪಿಚ್ಚಿನಲ್ಲಿ. ಆರಂಭಕ್ಕೆ ಬಂದವಳು ಕಾಲೇಜು ಓದುವ ಒಬ್ಬ ಹುಡುಗಿ. ಎಡಗೈ ಬ್ಯಾಟಿಂಗ್ ಆದ್ದರಿಂದ ತಂಡದವರೆಲ್ಲ ಎಡಚಿ ಎಂದೇ ಕರೆಯುವುದು. ಅವಳು ಮಿಡಲ್ ಕೇಳಿದಳು, ಮೇಸ್ತ್ರಿ ಕೊಟ್ಟರು, ಅವಳು ಸೀಮೆಸುಣ್ಣದಲ್ಲಿ ಗೆರೆ ಎಳೆದು ನಿಂತಳು. ತಾನು ನಿಂತ ಜಾಗಕ್ಕೂ ನಿಂತಿದ್ದೇನೆಂದು ತಿಳಿದ ಜಾಗಕ್ಕೂ ಅಂಗೈಯಗಲ ವ್ಯತ್ಯಾಸವಿರುವುದು ಅವಳಿಗೆ ಗೊತ್ತಿಲ್ಲ. ಮೂರನೇ ಓವರಿನಲ್ಲಿ, ಪಕ್ಕದಿಂದ ಹೋಗುತ್ತದೆಂದು ಅವಳು ಬಿಟ್ಟ ಚೆಂಡು ಸಿಮೆಂಟಿಗೆ ಬಡಿದು ಎದ್ದು ನೇರ ಮುಖಕ್ಕೇ ಬಂತು. ಹೆಲ್ಮೆಟ್ಟಿನ ಕಂಬಿಗೆ ಹೊಡೆದ ಸದ್ದು ಮೈದಾನದ ಆಚೆಗೂ ಕೇಳಿಸಿತು.

ಅವಳಿಗೆ ಏನೂ ಆಗಲಿಲ್ಲ. ತಲೆ ಕೊಡವಿ, ತಾನೇ ತಪ್ಪಾಗಿ ನಿಂತಿದ್ದೆನೇನೋ ಎಂದು ಮತ್ತೆ ಬ್ಯಾಟು ನಿಲ್ಲಿಸಿ ಮಿಡಲ್ ಕೇಳಿದಳು. ಮೇಸ್ತ್ರಿ ಮತ್ತೆ ಕೊಟ್ಟರು. ಅವಳು ಗೆರೆ ಎಳೆಯಲು ಬಗ್ಗಿದವಳು ಹಾಗೇ ನಿಂತಳು. ಅರೆ ಅಳಿಸಿದ ಹಳೆಯ ಗೆರೆ ಒಂದು ಕಡೆ, ಹೊಸ ಮಿಡಲ್ ಇನ್ನೊಂದು ಕಡೆ. ವಿಕೆಟ್ ಕೀಪರ್ ಹುಡುಗಿ ಬಗ್ಗಿ ನೋಡಿ, “ಅಂಪೈರ್ ಅಂಕಲ್, ನಿಮ್ ಕಡೆ ನಾಲ್ಕು ಸ್ಟಂಪ್ ಕಾಣ್ತಿದ್ಯಾ?” ಎಂದಳು. ಎಲ್ಲರೂ ನಕ್ಕರು.

ಸಿಮೆಂಟಿನಲ್ಲಿ ಸ್ಟಂಪು ನೆಡಲಾಗುವುದಿಲ್ಲ, ಕಬ್ಬಿಣದ ಸ್ಟ್ಯಾಂಡಿನ ಮೇಲೆ ನಿಲ್ಲಿಸುತ್ತಾರೆ. ಚೆಂಡು ತಾಗಿ ಅದು ಸರಿದಿರುವುದುಂಟು. ಸ್ಟ್ಯಾಂಡ್ ಜರುಗಿರಬೇಕು ಎನ್ನುತ್ತಾ ಮೇಸ್ತ್ರಿ ಅಷ್ಟು ದೂರ ನಡೆದು ಹೋದರು. ಸ್ಟ್ಯಾಂಡಿನ ಪಾದಗಳಿಗೆ ನೆಲದಲ್ಲಿ ಬಣ್ಣದ ಗುರುತಿದೆ. ಅದನ್ನು ಬಳಿದವರು ಅವರೇ. ಪಾದಗಳು ಗುರುತಿನೊಳಗೇ ಇದ್ದವು. ಸ್ಟ್ಯಾಂಡ್ ಸರಿದಿಲ್ಲ, ಸ್ಟಂಪು ಸರಿದಿಲ್ಲ, ಹುಡುಗಿಯೂ ಹೇಳಿದಲ್ಲೇ ನಿಂತಿದ್ದಾಳೆ. ಸರಿದಿರಬಹುದಾದದ್ದು ಇನ್ನೊಂದೇ.

ವಾಪಸು ಬಂದು ತಮ್ಮ ಜಾಗದಲ್ಲಿ ನಿಂತು ಒಂದೊಂದೇ ಕಣ್ಣು ಮುಚ್ಚಿ ನೋಡಿದರು. ಆಮೇಲೆ ಕೋಟು ಬಿಚ್ಚಿ ಮಡಚಿ ಇನ್ನೊಬ್ಬ ಅಂಪೈರ್ ಕೈಗಿಟ್ಟು, ಓವರಿನ ಮಧ್ಯದಲ್ಲೇ ಮೈದಾನದಿಂದ ಹೊರನಡೆದರು. ಬಿಸಿಲು ಬಡಿದಿರಬೇಕೆಂದು ಯಾರೋ ನೀರು ತಂದರು. ಮೇಸ್ತ್ರಿ ಲೋಟವನ್ನು ಕುಡಿಯದೆ ಪಕ್ಕಕ್ಕಿಟ್ಟರು. ತಮ್ಮ ಕಣ್ಣಿಗಲ್ಲ, ಹೆಲ್ಮೆಟ್ಟಿನ ಆ ಸದ್ದಿಗೆ ಹೆದರಿದ್ದು ಎನ್ನುತ್ತಾರೆ. ಕಂಬಿಯಿಲ್ಲದ ಹೆಲ್ಮೆಟ್ ಹಾಕುವ ಮಕ್ಕಳಿಗೂ ಆ ತಿಂಗಳು ಅವರೇ ಮಿಡಲ್ ಕೊಟ್ಟಿದ್ದರು.

*

ಕಣ್ಣಿನ ಡಾಕ್ಟರು ಚೌಕಳಿ ಗೆರೆಯ ಹಾಳೆ ತೋರಿಸಿ, ಎಲ್ಲಿ ಸೊಟ್ಟ ಕಾಣುತ್ತದೆ ಎಂದು ಕೇಳಿದರು. ಮೇಸ್ತ್ರಿಗೆ ಅದು ಬಚ್ಚಲುಮನೆಯ ಗೋಡೆಯ ಹಾಗೇ ಕಂಡಿತು. ಬಲಗಣ್ಣಿನ ಹಿಂದಿನ ಪರದೆಯ ನಟ್ಟನಡುವೆ ನೀರು ಸೋರಿ ಉಬ್ಬಿದೆ, ಕಣ್ಣಿಗೇ ಸೂಜಿ ಚುಚ್ಚಿ ಔಷಧಿ ಕೊಡಬೇಕು, ಕಳೆದುಹೋದ ನೋಟ ಪೂರ್ತಿ ಬರುವ ಭರವಸೆಯಿಲ್ಲ ಎಂದರು ಡಾಕ್ಟರು. ಅದನ್ನು ಮೇಸ್ತ್ರಿ ಮನೆಯಲ್ಲಿ ಒಂದೇ ಮಾತಿನಲ್ಲಿ ಹೇಳಿದರು: “ಸುತ್ತಮುತ್ತ ಎಲ್ಲಾ ಚೆನ್ನಾಗೇ ಇದೆಯಂತೆ. ಮಿಡಲ್ ಮಾತ್ರ ಹೋಗಿದೆ.”

ಮನೆಯಾಕೆ ಆ ಮಾತಿಗೆ ನಗಲಿಲ್ಲ. ಅವತ್ತು ಅನ್ನ ತಳ ಹಿಡಿಯಿತು.

ಸೂಜಿಯ ಭಯ ಮೊದಲನೇ ಸಲಕ್ಕೇ ಮುಗಿಯಿತು. ಎದುರಿಗೆ ಬರುವ ಸೂಜಿ ಹೆದರಿದಷ್ಟು ಹೊತ್ತು ನೋಯುವುದಿಲ್ಲವಂತೆ. ಡಾಕ್ಟರು ಬಾಗಿಲವರೆಗೆ ಬಂದು ಹೇಳಿದ ಇನ್ನೊಂದು ಮಾತು ಮಾತ್ರ ಚುಚ್ಚಿದ್ದು ಚುಚ್ಚಿದ ಹಾಗೇ ಇದೆ. ಇದು ಎಡಗಣ್ಣಿಗೂ ಬರಬಹುದು, ಬರದೇ ಇರಬಹುದು. ದಿನಾ ಬೆಳಿಗ್ಗೆ ನೋಡಿಕೊಳ್ಳಿ, ಸೊಟ್ಟ ಕಂಡ ದಿನವೇ ಓಡಿ ಬನ್ನಿ.

ನೋಡಿಕೊಳ್ಳಲು ಚೌಕಳಿ ಹಾಳೆಯನ್ನು ಮನೆಯ ಗೋಡೆಗೆ ಅಂಟಿಸಿದ್ದೂ ಆಯಿತು. ಆದರೆ ಅವರು ಹಾಳೆ ನೋಡುವಾಗ ಹೆಂಡತಿ ಅವರ ಮುಖ ನೋಡುತ್ತ ನಿಲ್ಲುತ್ತಿದ್ದರು. ಕೈಯಲ್ಲಿ ಸೌಟು, ಒಲೆಯ ಮೇಲೆ ಹಾಲು ಉಕ್ಕುತ್ತಿದ್ದರೂ ಪರಿವೆಯಿಲ್ಲ. ಆ ಎರಡು ಕಣ್ಣಿನ ಭಾರ ತನ್ನ ಒಂದು ಕಣ್ಣಿಗೆ ತಡೆಯುವುದಿಲ್ಲವೆಂದು ಮೇಸ್ತ್ರಿ ಮೂರು ಸ್ಟಂಪು ಹೊತ್ತು ಮೈದಾನಕ್ಕೆ ಬರತೊಡಗಿದರು. ಈಗ ಮನೆಯಲ್ಲಿ ಒಂದು ಒಪ್ಪಂದವಿದೆ. ವಾಪಸು ಬಂದಾಗ ಆಕೆ ಏನನ್ನೂ ಕೇಳುವ ಹಾಗಿಲ್ಲ. ಅವರು ಬಾಗಿಲಲ್ಲೇ ‘ಟೀ ಕೊಡು’ ಎಂದರೆ ಎಲ್ಲ ಸರಿಯಿದೆ ಎಂದರ್ಥ. ಒಮ್ಮೆ ದಾರಿಯಲ್ಲಿ ಯಾರೋ ಟೀ ಕುಡಿಸಿದ್ದರಿಂದ ಬೇಡವೆಂದರು. ಆಕೆ ಅಲ್ಲೇ ಗೋಡೆಗೆ ಒರಗಿ ಕುಳಿತುಬಿಟ್ಟರು. ಅಂದಿನಿಂದ ಹೊರಗೆ ಹತ್ತು ಲೋಟ ಕುಡಿದು ಬಂದರೂ ಮನೆಯಲ್ಲಿ ಹನ್ನೊಂದನೆಯದು ಕಡ್ಡಾಯ.

ಒಂದು ಕಣ್ಣಿನಲ್ಲಿ ಗಾರ್ಡ್ ಕೊಡಲು ಅಡ್ಡಿಯಿಲ್ಲ. ಗೆರೆ ನೋಡುವವರೆಲ್ಲ ಒಂದು ಕಣ್ಣು ಮುಚ್ಚಿಯೇ ನೋಡುವುದು. ತೊಡಕಿರುವುದು ಯಾವ ಕಣ್ಣು ಎಂಬುದರಲ್ಲಿ. ನೂಲು ಹಿಡಿದ ಮೊದಲ ದಿನದಿಂದ ಮೇಸ್ತ್ರಿ ಮುಚ್ಚಿದ್ದು ಎಡಗಣ್ಣು, ನಂಬಿದ್ದು ಬಲಗಣ್ಣು. ಗೆರೆ ಎದುರಿಗೆ ಬಂದರೆ ಸಾಕು, ಎಡರೆಪ್ಪೆ ತಾನಾಗಿ ಬೀಳುತ್ತದೆ. ಬಲಗಣ್ಣು ಮುಚ್ಚಲು ಹೋದರೆ ಜೊತೆಗೆ ತುಟಿ, ಕೆನ್ನೆ, ಮೂಗು ಎಲ್ಲ ಮುಚ್ಚಿಕೊಳ್ಳುತ್ತವೆ. ಐದು ತಿಂಗಳು ಅವರು ಕನ್ನಡಿಯ ಮುಂದೆ ಕಲಿತದ್ದು ಅದೊಂದೇ ವಿದ್ಯೆ. ಈ ವಯಸ್ಸಿನಲ್ಲಿ ಕಣ್ಣು ಹೊಡೆಯೋದು ಯಾರಿಗಪ್ಪಾ ಎಂದು ಹೆಂಡತಿ ಕೇಳಿದ್ದೂ ಆಗಿದೆ. ಆ ಮನೆಯಲ್ಲಿ ಅಷ್ಟು ದಿನದ ಮೇಲೆ ಕೇಳಿದ ಮೊದಲ ನಗು ಅದು.

ಕಪ್ಪು ಬಟ್ಟೆ ಕಟ್ಟಿಕೊಳ್ಳಬಹುದಲ್ಲ ಎಂದು ಬಾಮೈದ ಸೂಚಿಸಿದ. ಮೇಸ್ತ್ರಿ ಒಪ್ಪಲಿಲ್ಲ. ಉಳಿದ ಆಟಕ್ಕೆ ಬಲಗಣ್ಣಿನ ಸುತ್ತಮುತ್ತಲಿನ ನೋಟವೂ ಬೇಕು. ಎದುರಿನಿಂದ ಹೊಡೆದ ಚೆಂಡು ಅಂಪೈರನ್ನು ನೋಡಿಕೊಂಡು ದಾರಿ ಬದಲಿಸುವುದಿಲ್ಲ.

*

ಪಂದ್ಯ ಶುರುವಾಗುವ ಹೊತ್ತಿಗೆ ಸಿಮೆಂಟು ಕಾದು ಮಿನುಗುತ್ತಿದೆ. ಇನ್ನೊಂದು ಅವಕಾಶ ಕೊಡೋಣ ಎಂದು ಒಪ್ಪಿಕೊಂಡ ಲೀಗಿನ ಕಾರ್ಯದರ್ಶಿ ಕುರ್ಚಿ ಹಾಕಿಸಿಕೊಂಡು ಮರದ ಕೆಳಗೆ ಕೂತಿದ್ದಾರೆ. ಬಾಮೈದನೂ ಬಂದಿದ್ದಾನೆ, ಕೇಳಿದರೆ ಈ ಕಡೆ ಏನೋ ಕೆಲಸವಿತ್ತು ಎನ್ನುತ್ತಾನೆ. ಮೇಸ್ತ್ರಿ ಎರಡೂ ತುದಿಯ ಸ್ಟ್ಯಾಂಡುಗಳನ್ನು ಗುರುತಿನೊಳಗೆ ಕೂರಿಸಿ, ತಮ್ಮ ಜಾಗಕ್ಕೆ ಬಂದು ನಿಲ್ಲುತ್ತಾರೆ. ಆರಂಭದ ಬ್ಯಾಟರ್ ಗ್ಲೌಸ್ ಬಿಗಿಮಾಡಿಕೊಳ್ಳುತ್ತ ಬರುತ್ತಾಳೆ. ಎಡಗೈ. ಅದೇ ಹುಡುಗಿ.

ಅವಳು ಬ್ಯಾಟು ನಿಲ್ಲಿಸಿ ಮಿಡಲ್ ಕೇಳುತ್ತಾಳೆ. ಮೇಸ್ತ್ರಿ ಒಂದು ಕಣ್ಣು ಮುಚ್ಚಿ ನೋಡುತ್ತಾರೆ.

ನಡು ಸ್ಟಂಪು ಬಳುಕುತ್ತದೆ.

ಬೆಳಿಗ್ಗೆ ನೆಟ್ಟಗಿತ್ತಲ್ಲ. ಬೆಳಿಗ್ಗೆಯಿಂದ ಈಚೆಗೆ ಎಡಗಣ್ಣೂ ಹೋಯಿತೇ? ಅಥವಾ ಅಭ್ಯಾಸಬಲದಿಂದ ಎಡರೆಪ್ಪೆಯೇ ಬಿದ್ದು, ತಾನು ನೋಡುತ್ತಿರುವುದು ಕೆಟ್ಟ ಕಣ್ಣಿನಿಂದಲೇ? ಹೆದರಿಕೆಯಲ್ಲಿ ಯಾವ ಕಣ್ಣು ಮುಚ್ಚಿದೆ, ಯಾವುದು ತೆರೆದಿದೆ ಎಂಬುದೇ ಅವರಿಗೆ ತಿಳಿಯುವುದಿಲ್ಲ. ಮುಖವೇ ತನ್ನದಲ್ಲ ಅನ್ನಿಸುತ್ತದೆ. ಆ ತುದಿಯಲ್ಲಿ ಹುಡುಗಿ ಬ್ಯಾಟು ಹಿಡಿದು ಕಾಯುತ್ತಿದ್ದಾಳೆ. ಮರದ ಕೆಳಗೆ ಕಾರ್ಯದರ್ಶಿ ಕುರ್ಚಿಯಲ್ಲಿ ಮುಂದಕ್ಕೆ ಬಾಗುತ್ತಾರೆ. ಮೇಸ್ತ್ರಿಯ ಕೈ ಕೋಟಿನ ಮೇಲಿನ ಗುಂಡಿಗೆ ಹೋಗುತ್ತದೆ.

ಗುಂಡಿಯಿಂದ ಕೈ ಇನ್ನೂ ಮೇಲೆ ಹೋಗುತ್ತದೆ. ತೋರುಬೆರಳಿನಿಂದ ಮೆಲ್ಲಗೆ ತಮ್ಮ ರೆಪ್ಪೆ ಮುಟ್ಟಿ ನೋಡಿಕೊಳ್ಳುತ್ತಾರೆ, ಕತ್ತಲಲ್ಲಿ ಬಾಗಿಲ ಚಿಲಕ ಹುಡುಕುವವರ ಹಾಗೆ. ಮುಚ್ಚಿರುವುದು ಎಡಗಡೆಯದು. ಬೆರಳನ್ನು ಬಲಕ್ಕೆ ತಂದು ಆ ರೆಪ್ಪೆಯನ್ನು ಕೆಳಗೆ ಒತ್ತಿ ಹಿಡಿದು, ಎಡಗಣ್ಣು ತೆರೆಯುತ್ತಾರೆ.

ಸ್ಟಂಪು ನೆಟ್ಟಗೆ ಎದ್ದು ನಿಲ್ಲುತ್ತದೆ. ಇನ್ನೊಂದು ಕೈ ತುಸು ಎಡಕ್ಕೆ ಎಂದು ಸನ್ನೆ ಮಾಡುತ್ತದೆ. ಇನ್ನೂ ತುಸು. “ಅದೇ ಮಿಡಲ್.”

ಅವಳು ಗೆರೆ ಎಳೆಯುತ್ತಾಳೆ. ಓವರುಗಳು ಕಳೆಯುತ್ತವೆ, ಶೂ ಗೆರೆಯನ್ನು ತಿನ್ನುತ್ತದೆ, ಅವಳು ಮತ್ತೆ ಕೇಳುತ್ತಾಳೆ. ಪ್ರತಿ ಸಲವೂ ಮೇಸ್ತ್ರಿ ಬೆರಳಿನಿಂದ ರೆಪ್ಪೆ ಒತ್ತಿ ಹಿಡಿದೇ ಹೇಳುತ್ತಾರೆ. ನೋಡುವವರಿಗೆ ಕಣ್ಣಿಗೆ ಧೂಳು ಬಿದ್ದ ಹಾಗೆ ಕಾಣುತ್ತದೆ. ಚೆಂಡು ಎದ್ದು ಮುಖದ ಮಟ್ಟಕ್ಕೆ ಬಂದಾಗಲೆಲ್ಲ ಈ ತುದಿಯಲ್ಲಿ ಅವರ ತಲೆಯೂ ತಗ್ಗುತ್ತದೆ. ಅವಳು ಬಿಟ್ಟ ಚೆಂಡುಗಳು ಬಿಟ್ಟ ದಾರಿಯಲ್ಲೇ ಹೋಗುತ್ತವೆ. ಹೊಸ ಗೆರೆ ಹಳೆಯದರ ಮೇಲೇ ಬಿದ್ದಿದೆಯೇ ಎಂದು ಹೋಗಿ ನೋಡುವ ಹಾಗಿಲ್ಲ. ಕೀಪರ್ ಏನಾದರೂ ಹೇಳುತ್ತಾಳೇನೋ ಎಂದು ಕಿವಿಯನ್ನೆಲ್ಲ ಆ ಕಡೆಗೆ ಇಟ್ಟಿದ್ದಾರೆ. ಕೀಪರ್ ಬೌಲರಿಗೆ ಹುರುಪು ತುಂಬುತ್ತಾಳೆ, ಬಿಸಿಲಿಗೆ ಬೈಯುತ್ತಾಳೆ, ಗಾರ್ಡಿನ ಸುದ್ದಿ ಎತ್ತುವುದಿಲ್ಲ.

ಪಂದ್ಯ ಮುಗಿದು ಎಲ್ಲರೂ ನೆರಳಿಗೆ ಹೋದ ಮೇಲೆ ಮೇಸ್ತ್ರಿ ಒಬ್ಬರೇ ಆ ತುದಿಗೆ ನಡೆಯುತ್ತಾರೆ. ಮಂಡಿಯೂರಿ, ಬಲರೆಪ್ಪೆ ಒತ್ತಿ ಹಿಡಿದು ನೋಡುತ್ತಾರೆ. ಸಿಮೆಂಟಿನ ಮೇಲೆ ಒಂದೇ ಗೆರೆ. ಮೇಲಿಂದ ಮೇಲೆ ಬಳಿದು ದಪ್ಪಗಾದ ಒಂದೇ ಗೆರೆ. ಬ್ಯಾಟು ಹೆಗಲಿಗೇರಿಸಿಕೊಂಡ ಎಡಚಿ ಹಿಂದೆ ಬಂದು ನಿಂತಿದ್ದಾಳೆ. ಕಣ್ಣಿನ ವಿಷಯ ಅವಳಿಗೆ ಗೊತ್ತಿದೆ. ಅವಳಿಗೆ ಚೆಂಡು ಬಡಿದ ದಿನ ಸಂಜೆಯೇ ಫೋನ್ ಮಾಡಿ ಹೇಳಿದವರು ಮೇಸ್ತ್ರಿಯೇ. ಇವತ್ತು ಇನ್ನೊಂದು ತುದಿಯ ಅಂಪೈರನ್ನು ಕೇಳಿ ಗುರುತು ಸರಿ ನೋಡಿಕೊಳ್ಳಬಹುದಿತ್ತಲ್ಲ ಎಂದು ಅವರು ಅಂದರೆ, ಕೊಟ್ಟವರನ್ನು ನಂಬದೆ ಹಾಗೆ ಕೇಳಿದರೆ ಗಾರ್ಡ್ ತೆಗೆದುಕೊಂಡ ಹಾಗಾಯಿತೇ ಎಂದು ಅವಳೇ ತಿರುಗಿ ಕೇಳುತ್ತಾಳೆ. ಆಮೇಲೆ ತಗ್ಗಿದ ದನಿಯಲ್ಲಿ, “ನಂಗೂ ಹೆದರಿಕೆ ಇತ್ತು ಅಂಕಲ್. ಮೊದಲ್ನೇ ಓವರ್ ಮುಗಿಯೋವರೆಗೂ,” ಎನ್ನುತ್ತಾಳೆ.

ಮುಂದಿನ ಪಂದ್ಯಕ್ಕೆ ಪಿಚ್ ಬಿಟ್ಟುಕೊಡಬೇಕು. ಗೆರೆ ಅಳಿಸಲು ಅವಳು ಶೂ ಎತ್ತಿದವಳು, ಅಳಿಸಲೋ ಬೇಡವೋ ಎಂಬಂತೆ ಅವರ ಮುಖ ನೋಡುತ್ತಾಳೆ.

“ಅಳಿಸಮ್ಮ,” ಎನ್ನುತ್ತಾರೆ ಮೇಸ್ತ್ರಿ. “ಹುಲ್ಲಿನ ಪಿಚ್ಚಾದ್ರೆ ಒಂದ್ಸಲ ಹೇಳಿದ್ದು ನೆನಪಿಟ್ಕೊಳ್ಳುತ್ತೆ. ನನ್ ಕಣ್ಣೀಗ ಈ ಸಿಮೆಂಟ್ ಇದ್ದಂಗೆ. ನೆಟ್ಟಗಿದ್ಯಾ ಅಂತ ದಿನಾ ಬೆಳಿಗ್ಗೆ ಹೊಸದಾಗಿ ಕೇಳ್ಬೇಕು. ನಾಳೆನೂ ಹೂಂ ಅಂದ್ರೆ, ಮನೇಲಿ ಟೀ ಕೇಳ್ಬಹುದು.”